ಪಿಕಪ್ ಪೆಟ್ಟಿಗೆ ಕೊಳ್ಳುವ ಮೊದಲು: ಕಾಸರಗೋಡಿನ ರಸ್ತೆಯಲ್ಲಿ ಥ್ರಾಟಲ್ ಕಂಟ್ರೋಲರ್

“ಗಾಡಿಗೆ ಪಿಕಪ್ ಇಲ್ಲ.” ಹೊಸಂಗಡಿಯಿಂದ ಕಾಞಂಗಾಡಿನವರೆಗೆ ಯಾವ ಗ್ಯಾರೇಜಿನ ಮುಂದೆ ನಿಂತರೂ ಕಿವಿಗೆ ಬೀಳುವ ಮಾತಿದು. ಮಾತು ಒಂದೇ ಆದರೂ ಹಿಂದಿರುವ ಕಾಯಿಲೆ ಗಾಡಿಗೊಂದು. ಒಂದರಲ್ಲಿ ಎಂಜಿನ್ನೇ ಚಿಕ್ಕದು, ಇನ್ನೊಂದರಲ್ಲಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ತಡವಾಗಿ ಎದ್ದೇಳುತ್ತದೆ, ಮತ್ತೊಂದರಲ್ಲಿ ಕ್ಲಚ್ ಜಾರುತ್ತಿರುತ್ತದೆ, ಮಗದೊಂದು ಬ್ರೇಕ್ ಹಿಡಿದುಕೊಂಡೇ ಓಡುತ್ತಿರುತ್ತದೆ. ಇವೆಲ್ಲಕ್ಕೂ ಒಂದೇ ಮದ್ದು ಎಂಬಂತೆ ಈಗ ಆಕ್ಸೆಸರಿ ಅಂಗಡಿಗಳಲ್ಲಿ ಕೈಗೆ ಕೊಡುವ ವಸ್ತು ಥ್ರಾಟಲ್ ಕಂಟ್ರೋಲರ್. ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡ ಡಬ್ಬಿ, ಎರಡು ತುದಿಯ ವಯರು, ಡ್ಯಾಶ್‌ಬೋರ್ಡಿಗೆ ಅಂಟಿಸುವ ಪುಟ್ಟ ಡಿಸ್‌ಪ್ಲೇ. ಹೆಸರಿಲ್ಲದ ಮಾಲು ಕೆಲವೇ ಸಾವಿರಕ್ಕೆ ಸಿಗುತ್ತದೆ, ಜರ್ಮನಿಯ ಪೆಡಲ್‌ಬಾಕ್ಸ್‌ನಂಥದ್ದಕ್ಕೆ ಅದರ ಹಲವು ಪಟ್ಟು ತೆರಬೇಕು. ಕೊಟ್ಟ ದುಡ್ಡಿಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ಅಂಗಡಿಯಲ್ಲಿ ಪೂರ್ತಿ ಹೇಳುವವರು ಕಡಿಮೆ.

ಮೊದಲು ಅದು ಮಾಡುವ ಕೆಲಸ ನೋಡೋಣ. ಈಗಿನ ಕಾರುಗಳಲ್ಲಿ ಆಕ್ಸಿಲರೇಟರ್ ಪೆಡಲಿನಿಂದ ಎಂಜಿನ್ನಿಗೆ ಕೇಬಲ್ ಹೋಗುವುದಿಲ್ಲ. ಪೆಡಲಿನ ಮೇಲ್ತುದಿಯಲ್ಲಿ ಎರಡು ಸೆನ್ಸರ್‌ಗಳಿರುತ್ತವೆ, 5 ವೋಲ್ಟ್ ಪೂರೈಕೆಯ ಮೇಲೆ ಕೆಲಸ ಮಾಡುತ್ತವೆ. ಕಾಲಿಡದಿದ್ದಾಗ ಮೊದಲನೆಯದು ಸುಮಾರು 0.75 ವೋಲ್ಟ್ ತೋರಿಸುತ್ತದೆ, ಪೂರ್ತಿ ಒತ್ತಿದಾಗ 3.9ರ ಆಸುಪಾಸು. ಎರಡನೆಯದು ಬಹುತೇಕ ಗಾಡಿಗಳಲ್ಲಿ ಅದರ ಅರ್ಧ. ಎಂಜಿನ್ ಕಂಪ್ಯೂಟರು ಎರಡನ್ನೂ ಸದಾ ತಾಳೆ ನೋಡುತ್ತಿರುತ್ತದೆ. ತಾಳೆ ತಪ್ಪಿದರೆ ಪಿ2138 ಎಂಬ ಕೋಡ್ ದಾಖಲಾಗಿ ಗಾಡಿ ಲಿಂಪ್ ಮೋಡಿಗೆ ಹೋಗುತ್ತದೆ, ಆಮೇಲೆ ಎಷ್ಟು ತುಳಿದರೂ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಹೆಚ್ಚು ಏರುವುದಿಲ್ಲ. ಕಂಟ್ರೋಲರು ಪೆಡಲಿಗೂ ಕಂಪ್ಯೂಟರಿಗೂ ನಡುವೆ ಕೂತು, ಎರಡು ಸೆನ್ಸರ್‌ಗಳ ತಾಳೆ ಕೆಡದಂತೆ ನೋಡಿಕೊಂಡು, ಸಂಖ್ಯೆಯನ್ನು ಏರಿಸಿ ಹೇಳುತ್ತದೆ. ಉದಾಹರಣೆಗೆ ಸ್ಪೋರ್ಟ್ ಮೋಡಿನಲ್ಲಿ ನೀವು ಶೇ. 20 ಒತ್ತಿದರೆ ಕಂಪ್ಯೂಟರಿಗೆ ಶೇ. 40 ಎಂದು ಹೋಗುತ್ತದೆ, 50 ಒತ್ತಿದರೆ 80. ಆದರೆ 100 ಒತ್ತಿದರೆ 100 ಮಾತ್ರ. ಈ ಕೊನೆಯ ಸಂಖ್ಯೆಯನ್ನು ಮರೆಯಬೇಡಿ. ಪೂರ್ತಿ ತುಳಿದ ಗಾಡಿ ಡಬ್ಬಿ ಇದ್ದರೂ ಅಷ್ಟೇ ಓಡುತ್ತದೆ, ತೆಗೆದರೂ ಅಷ್ಟೇ. ಒಂದು ಎಚ್‌ಪಿ ಕೂಡ ಹೆಚ್ಚುವುದಿಲ್ಲ.

ಹಾಗಾದರೆ ಹಾಕಿಸಿಕೊಂಡವರು ಗಾಡಿ ಬೇರೆಯೇ ಆಯಿತು ಎನ್ನುವುದು ಸುಳ್ಳೇ? ಸುಳ್ಳಲ್ಲ. ಪೆಡಲಿನ ಮೊದಲ ಮೂರನೇ ಒಂದು ಭಾಗವನ್ನು ಕಂಪನಿಗಳು ಬೇಕೆಂದೇ ಮೆತ್ತಗೆ ಇಡುತ್ತವೆ. ಪೇಟೆಯ ಟ್ರಾಫಿಕ್ಕಿನಲ್ಲಿ ಗಾಡಿ ಜರ್ಕ್ ಹೊಡೆಯಬಾರದು, ಇಂಧನ ಉಳಿಯಬೇಕು, ಹೊಗೆಯ ಲೆಕ್ಕ ಸರಿಯಾಗಿ ಬರಬೇಕು. ದಿನವಿಡೀ ನಮ್ಮ ಕಾಲು ಆಡುವುದು ಆ ಭಾಗದಲ್ಲೇ. ಹಾಗಾಗಿ ಎಂಜಿನ್ನಿನಲ್ಲಿ ತಾಕತ್ತು ಇದ್ದೂ ಕಾಲಿಗೆ ಸಿಗುವುದಿಲ್ಲ. ಡಬ್ಬಿ ಸರಿಮಾಡುವುದು ಇದೊಂದನ್ನೇ.

ನಿಮ್ಮ ಗಾಡಿ ಈ ಜಾತಿಯದೇ ಎಂದು ತಿಳಿಯಲು ಕಾಸು ಖರ್ಚಿಲ್ಲದ ಪರೀಕ್ಷೆ ಉಂಟು. ಖಾಲಿ ಇರುವ ಸಮತಟ್ಟು ರಸ್ತೆಯಲ್ಲಿ ಮೂರನೇ ಗೇರಿನಲ್ಲಿ 40ರ ವೇಗಕ್ಕೆ ಬನ್ನಿ, ಎಸಿ ಆಫ್ ಮಾಡಿ, ಪೆಡಲನ್ನು ತಡೆಯದೆ ಮುಕ್ಕಾಲು ಭಾಗ ಒತ್ತಿ. ಆಗ ಚೆನ್ನಾಗಿ ಎಳೆದರೆ ತಾಕತ್ತು ಇದೆ, ಪೆಡಲಿನ ಲೆಕ್ಕ ಮಾತ್ರ ಮೆತ್ತಗಿದೆ. ಅಂಥ ಗಾಡಿಗೆ ಕಂಟ್ರೋಲರಿನಿಂದ ವ್ಯತ್ಯಾಸ ಗೊತ್ತಾಗುತ್ತದೆ. ನೆಲಕ್ಕೆ ತಾಗುವಂತೆ ತುಳಿದರೂ ಎಳೆಯದಿದ್ದರೆ ಡಬ್ಬಿಯ ಆಸೆ ಬಿಟ್ಟು ಗ್ಯಾರೇಜಿನ ದಾರಿ ಹಿಡಿಯಬೇಕು.

ಚಿಕ್ಕ ಎಂಜಿನ್ನಿನ ಕಥೆ ಬೇರೆ. ಪಾಣತ್ತೂರಿನಿಂದ ಕರಿಕೆ ದಾಟಿ ಭಾಗಮಂಡಲಕ್ಕೆ ಏರುವ ರಸ್ತೆಯನ್ನು ತೆಗೆದುಕೊಳ್ಳಿ. 1 ಲೀಟರಿನ ವ್ಯಾಗನ್ಆರ್, ಎಂಜಿನ್ 998 ಸಿಸಿ, 67 ಪಿಎಸ್ (ಎಚ್‌ಪಿಯಂಥದೇ ಅಳತೆ), 3500 ಆರ್‌ಪಿಎಂನಲ್ಲಿ 89 ನ್ಯೂಟನ್‌ಮೀಟರ್ ತಿರುಗುಬಲ. ಗಾಡಿ ಸುಮಾರು 850 ಕೆ.ಜಿ., ನಾಲ್ಕು ಜನ ಮತ್ತು ಸಾಮಾನು ಸೇರಿ 1150 ಎಂದಿಟ್ಟುಕೊಳ್ಳಿ. ನೂರು ಮೀಟರಿಗೆ ಹತ್ತು ಮೀಟರ್ ಏರುವ ಏರಿನಲ್ಲಿ 40 ಕಿ.ಮೀ. ವೇಗ ಉಳಿಸಿಕೊಳ್ಳಲು ಭಾರ ಎತ್ತುವುದಕ್ಕೇ ಹನ್ನೆರಡೂವರೆ ಕಿಲೋವಾಟ್ ಬೇಕು, ಟಯರು ಮತ್ತು ಗಾಳಿಯ ತಡೆ ಸೇರಿ 15. ಮೂರನೇ ಗೇರಿನಲ್ಲಿ ಆ ವೇಗಕ್ಕೆ ಎಂಜಿನ್ 2000 ಆರ್‌ಪಿಎಂ ಹತ್ತಿರ ತಿರುಗುತ್ತಿರುತ್ತದೆ. ಅಲ್ಲಿ 80 ನ್ಯೂಟನ್‌ಮೀಟರ್ ಸಿಕ್ಕಿತು ಎಂದುಕೊಂಡರೂ ಪೂರ್ತಿ ತುಳಿದಾಗ ಬರುವುದು 17 ಕಿಲೋವಾಟ್, ಗೇರ್‌ಬಾಕ್ಸಿನಲ್ಲಿ ಕಳೆದದ್ದು ಹೋಗಿ ಚಕ್ರಕ್ಕೆ 15. ಅಂದರೆ ಇದ್ದ ವೇಗ ಕಾಯ್ದುಕೊಳ್ಳುವುದಕ್ಕೇ ಸರಿಹೋಯಿತು, ವೇಗ ಹೆಚ್ಚಿಸಲು ಏನೂ ಮಿಗಲಿಲ್ಲ. ಎಸಿ ಹಾಕಿದ್ದರೆ ಅದಕ್ಕೆ ಮತ್ತೆ 3ರಿಂದ 5 ಎಚ್‌ಪಿ ಹೋಗುತ್ತದೆ, ಗಾಡಿ ಉಸಿರು ಬಿಡುತ್ತದೆ. ಅದೇ ಜಾಗದಲ್ಲಿ ಎರಡನೇ ಗೇರಿಗೆ ಇಳಿಸಿ. ಆರ್‌ಪಿಎಂ 3000 ದಾಟುತ್ತದೆ, ಕೈಗೆ 27 ಕಿಲೋವಾಟ್ ಬರುತ್ತದೆ. ಹತ್ತು ಕಿಲೋವಾಟ್ ಪುಕ್ಕಟೆ! ಯಾವ ಡಬ್ಬಿಯೂ ಇದನ್ನು ಕೊಡಲಾರದು. ಎಂಜಿನ್ ಕೂಗುತ್ತದೆ ಎಂದು ಹೆದರಿ ಮೇಲಿನ ಗೇರಿನಲ್ಲೇ ಒದ್ದಾಡಿಸುವುದರಿಂದ ಎಂಜಿನ್ನಿಗೆ ಆಗುವ ತೊಂದರೆ 3500ರಲ್ಲಿ ತಿರುಗಿಸುವುದಕ್ಕಿಂತ ಹೆಚ್ಚು. ಇದೇ ಗಾಡಿಯ ಸಿಎನ್‌ಜಿ ಮಾದರಿಯಲ್ಲಿ ಇನ್ನೂ ಕಡಿಮೆ: 57 ಪಿಎಸ್, 82 ನ್ಯೂಟನ್‌ಮೀಟರ್. ಗಾಳಿ ಹೋಗಬೇಕಾದ ಜಾಗವನ್ನು ಗ್ಯಾಸೇ ಒಂದಿಷ್ಟು ತುಂಬಿಕೊಳ್ಳುತ್ತದೆ, ಮೇಲೆ ಸಿಲಿಂಡರಿನ ಭಾರ. ಏರಿನಲ್ಲಿ ಪೆಟ್ರೋಲಿಗೆ ಬದಲಾಯಿಸಿಕೊಂಡರೆ ಗಾಡಿ ಹಗುರಾದಂತೆ ಅನಿಸುವುದು ಇದಕ್ಕೇ.

ಹಳೆಯ ಡೀಸೆಲ್ ಸ್ವಿಫ್ಟ್, ಡಿಸೈರ್ ನಮ್ಮ ಕಡೆ ಇನ್ನೂ ಬಹಳ ಓಡುತ್ತಿವೆ. ಮಾರುತಿ 2020ರ ಏಪ್ರಿಲಿನಲ್ಲಿ ಡೀಸೆಲ್ ನಿಲ್ಲಿಸಿದ ಮೇಲೂ ಸೆಕೆಂಡ್‌ಹ್ಯಾಂಡ್‌ನಲ್ಲಿ ಅವಕ್ಕೆ ಬೇಡಿಕೆ ಇಳಿದಿಲ್ಲ. ಆ 1.3 ಎಂಜಿನ್ 190 ನ್ಯೂಟನ್‌ಮೀಟರ್ ಕೊಡುವುದು 2000 ಆರ್‌ಪಿಎಂನಲ್ಲಿ. 1700ರ ಕೆಳಗೆ ಅದು ಸತ್ತಂತೆ, ಮೇಲೆ ಹೋದರೆ ಒಮ್ಮೆಲೇ ಎಳೆಯುತ್ತದೆ. ಇದಕ್ಕೆ ಕಂಟ್ರೋಲರ್ ಹಾಕಿದರೆ ಸರಿಹೋಗುತ್ತದೆ ಎಂದು ಮಾರುವವರಿದ್ದಾರೆ, ಆ ಮಾತು ನಂಬಬೇಡಿ. ಡೀಸೆಲಿನಲ್ಲಿ ಕಂಪ್ಯೂಟರು ಒಳಗೆ ಬಂದ ಗಾಳಿ ಎಷ್ಟೆಂದು ಅಳೆದು ಅದಕ್ಕೆ ತಕ್ಕಷ್ಟೇ ಇಂಧನ ಬಿಡುತ್ತದೆ, ಇಲ್ಲದಿದ್ದರೆ ಕಪ್ಪು ಹೊಗೆ ಬರುತ್ತದೆ. ಟರ್ಬೊ ಗಾಳಿ ತುಂಬುವ ಮೊದಲು ಪೆಡಲು ಎಷ್ಟೇ ದೊಡ್ಡ ಸಂಖ್ಯೆ ಹೇಳಿದರೂ ಇಂಧನ ಹೆಚ್ಚುವುದಿಲ್ಲ. ಚೆರ್ಕಳ–ಜಾಲ್ಸೂರು ರಸ್ತೆಯ ತಿರುವುಗಳಲ್ಲಿ 1800ರ ಕೆಳಗೆ ಬೀಳಲು ಬಿಡದೆ, ತಿರುವಿಗೆ ಮೊದಲೇ ಗೇರ್ ಇಳಿಸುವುದೊಂದೇ ಇದರ ಹದ.

ಎಎಂಟಿ, ಅಂದರೆ ಕ್ಲಚ್ಚು ಗೇರನ್ನು ಯಂತ್ರವೇ ನಡೆಸುವ ಗಾಡಿಗಳಲ್ಲಿ ತಡ ಆಗುವುದು ಕ್ಲಚ್ ಬಿಟ್ಟು ಗೇರ್ ಬದಲಿಸಿ ಮತ್ತೆ ಕ್ಲಚ್ ಹಿಡಿಯುವ ಯಂತ್ರದಿಂದ. ಡಬ್ಬಿಗೆ ಅಲ್ಲಿ ಕೈಯಾಡಿಸಲು ಆಗುವುದಿಲ್ಲ. ಆದರೆ ಬೇರೊಂದು ಪರಿಣಾಮ ಉಂಟು. ಗೇರ್ ಯಾವಾಗ ಬದಲಿಸಬೇಕೆಂದು ಕಂಪ್ಯೂಟರು ನಿರ್ಧರಿಸುವುದು ಪೆಡಲಿನ ಸಂಖ್ಯೆ ನೋಡಿ. ಸಂಖ್ಯೆ ಏರಿದರೆ ಕೆಳಗಿನ ಗೇರಿನಲ್ಲೇ ಹೆಚ್ಚು ಹೊತ್ತು ಇಟ್ಟುಕೊಳ್ಳುತ್ತದೆ, ಬೇಗ ಗೇರ್ ಇಳಿಸುತ್ತದೆ. ಏರಿನಲ್ಲಿ ಇದು ಒಳ್ಳೆಯದೇ, ಸಮತಟ್ಟು ರಸ್ತೆಯಲ್ಲಿ ಗೇರು ಮೇಲೆ ಕೆಳಗೆ ಆಡುತ್ತಾ ಮೈಲೇಜು ತಿನ್ನುತ್ತದೆ. ಎಎಂಟಿಯಲ್ಲಿ ಮ್ಯಾನುಯಲ್ ಮೋಡ್ ಇದ್ದೇ ಇರುವಾಗ ಏರಿನಲ್ಲಿ ಅದನ್ನೇ ಬಳಸಿದರೆ ಸಾಕು. ನೆಕ್ಸಾನ್‌ನಂಥ ಗಾಡಿಯಲ್ಲಿ ಇಕೋ, ಸಿಟಿ, ಸ್ಪೋರ್ಟ್ ಎಂಬ ಮೋಡ್‌ಗಳು ಕಂಪನಿಯಿಂದಲೇ ಬಂದಿವೆ. ಇಕೋದಲ್ಲೇ ಓಡಿಸುತ್ತಾ ಪಿಕಪ್ ಇಲ್ಲ ಎನ್ನುವವರು ಮೊದಲು ಆ ಬಟನ್ ಒತ್ತಿ ನೋಡಬೇಕು. ಕೇಬಲ್ ಇರುವ ಹಳೆಯ 800, ಓಮ್ನಿಗೆ ಈ ವಸ್ತು ಕೂರುವುದೇ ಇಲ್ಲ.

ಡ್ರೈವ್ ಮೋಡ್ ಬಟನ್ ಇಲ್ಲದ, ಒಂದೂವರೆ ಲೀಟರ್ ಆಸುಪಾಸಿನ ಟರ್ಬೊ ಎಂಜಿನ್ನಿನ, ಎಲ್ಲವೂ ಸುಸ್ಥಿತಿಯಲ್ಲಿರುವ ಗಾಡಿಗೆ ಮಾತ್ರ ಇದು ನಿಜವಾಗಿ ಹೊಂದುತ್ತದೆ. ರಾಷ್ಟ್ರೀಯ ಹೆದ್ದಾರಿ 66ರ ಸರ್ವಿಸ್ ರಸ್ತೆಯಿಂದ ಆರು ಪಥದ ಮುಖ್ಯ ರಸ್ತೆಗೆ ಸೇರುವಾಗ ಹಿಂದಿನಿಂದ ಲಾರಿ ಬರುತ್ತಿದ್ದರೆ, ಕಾಲು ಇಟ್ಟ ಕೂಡಲೇ ಗಾಡಿ ಮುಂದೆ ಹೋಗುವ ಧೈರ್ಯ ದೊಡ್ಡದು. ಅಲ್ಲಿ ಈ ಡಬ್ಬಿ ಕೊಟ್ಟ ಕಾಸಿಗೆ ಕೆಲಸ ಮಾಡುತ್ತದೆ.

ಎಲ್ಲವೂ ಸುಸ್ಥಿತಿಯಲ್ಲಿದ್ದರೆ ಎಂದದ್ದು ಸುಮ್ಮನೆ ಅಲ್ಲ. ಕಾಯಿಲೆ ಬಿದ್ದ ಗಾಡಿಗೆ ಕಂಟ್ರೋಲರ್ ಹಾಕಿದರೆ ಕೆಲವು ದಿನ ಕಾಯಿಲೆ ಮುಚ್ಚಿಹೋಗುತ್ತದೆ, ಅಷ್ಟರಲ್ಲಿ ಕೆಡಬೇಕಾದ್ದು ಪೂರ್ತಿ ಕೆಟ್ಟಿರುತ್ತದೆ. ಕ್ಲಚ್ಚಿನಿಂದಲೇ ಶುರುಮಾಡಿ. ನಾಲ್ಕನೇ ಗೇರಿನಲ್ಲಿ 40ರ ವೇಗದಲ್ಲಿ ಪೂರ್ತಿ ತುಳಿಯಿರಿ. ಆರ್‌ಪಿಎಂ ಮುಳ್ಳು ಮೇಲೆ ಹಾರಿ ವೇಗ ಅಷ್ಟೇ ಇದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ. ಗುಡ್ಡೆಯ ಮೇಲಿನ ಮನೆಗಳಿಗೆ ಹೋಗುವ ಕಡಿದಾದ ಕಾಂಕ್ರೀಟ್ ದಾರಿಗಳಲ್ಲಿ ಹಾಫ್ ಕ್ಲಚ್ಚಿನಲ್ಲಿ ನಿಲ್ಲಿಸುವ ಅಭ್ಯಾಸ ನಮ್ಮಲ್ಲಿ ಹೆಚ್ಚು, ಪ್ಲೇಟ್ ಬೇಗ ಸವೆಯಲು ಅದೇ ದೊಡ್ಡ ಕಾರಣ.

ಆಮೇಲೆ ಬ್ರೇಕ್. ಕರಾವಳಿಯ ಉಪ್ಪುಗಾಳಿಗೂ ನಾಲ್ಕು ತಿಂಗಳ ಮಳೆಗೂ ಹೆಚ್ಚು ಬಲಿಯಾಗುವುದು ಇದೇ, ಕಣ್ಣಿಗೆ ಬೀಳದೆ ಪಿಕಪ್ ತಿನ್ನುವುದೂ ಇದೇ. ಹತ್ತು ಕಿ.ಮೀ. ಓಡಿಸಿ, ಕೊನೆಯಲ್ಲಿ ಬ್ರೇಕ್ ಹೆಚ್ಚು ಬಳಸದೆ ತಾನಾಗಿ ನಿಧಾನವಾಗಲು ಬಿಟ್ಟು ನಿಲ್ಲಿಸಿ. ನಾಲ್ಕು ಚಕ್ರದ ರಿಮ್ಮಿನ ಹತ್ತಿರ ಅಂಗೈಯ ಹಿಂಭಾಗ ಹಿಡಿಯಿರಿ, ಡಿಸ್ಕನ್ನು ಮುಟ್ಟಲೇಬೇಡಿ. ಒಂದು ಚಕ್ರ ಮಾತ್ರ ಬಿಸಿ, ಸುಟ್ಟ ವಾಸನೆ ಬೇರೆ ಬರುತ್ತಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. ಜಾಕ್ ಹಾಕಿ ಎತ್ತಿ ಚಕ್ರವನ್ನು ಕೈಯಲ್ಲಿ ತಿರುಗಿಸಿ. ತೆಳುವಾದ ಸರಸರ ಸದ್ದಿನೊಂದಿಗೆ ಸಲೀಸಾಗಿ ತಿರುಗಬೇಕು, ಕಾಲು ಸುತ್ತಿಗೇ ನಿಂತರೆ ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಬಿಚ್ಚಬೇಕು. ಬಹುತೇಕ ಸಲ ಅಲ್ಲಿ ಕಾಣುವುದು ಹರಿದ ರಬ್ಬರ್ ಬೂಟ್, ಅದರೊಳಗೆ ತುಕ್ಕು ಹಿಡಿದ, ಕ್ಯಾಲಿಪರ್ ಜಾರಬೇಕಾದ ಸ್ಲೈಡ್ ಪಿನ್. ಪಿನ್ ಉಜ್ಜಿ ತೆಗೆದು, ಸಿಲಿಕೋನ್ ಆಧಾರದ ಬ್ರೇಕ್ ಗ್ರೀಸನ್ನು ತೆಳುವಾಗಿ ಸವರಿ, ಹೊಸ ಬೂಟ್ ಹಾಕಿದರೆ ಗಾಡಿ ಹಳೆಯ ಓಟಕ್ಕೆ ಮರಳುತ್ತದೆ. ಡಬ್ಬದಲ್ಲಿರುವ ಮಾಮೂಲಿ ಗ್ರೀಸ್ ಹಾಕಲು ಬಿಡಬೇಡಿ, ಅದಕ್ಕೆ ರಬ್ಬರ್ ಊದಿಕೊಂಡು ಪಿನ್ ಮತ್ತೆ ಹಿಡಿಯುತ್ತದೆ. ಹಿಂದಿನ ಡ್ರಮ್ಮಿನಲ್ಲಿ ಹ್ಯಾಂಡ್‌ಬ್ರೇಕ್ ಕೇಬಲ್ ತುಕ್ಕು ಹಿಡಿದು ಪೂರ್ತಿ ಹಿಂದಕ್ಕೆ ಬಾರದಿರುವುದೂ ಉಂಟು. ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸುವ ಗಾಡಿಯನ್ನು ಹ್ಯಾಂಡ್‌ಬ್ರೇಕ್ ಎಳೆಯದೆ ಸಮತಟ್ಟು ಅಂಗಳದಲ್ಲಿ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಟ್ಟರೆ ಒಳ್ಳೆಯದು.

ಏರ್ ಫಿಲ್ಟರ್ ಬಗ್ಗೆ ಎಲ್ಲರೂ ಹೇಳುತ್ತಾರೆ, ಆದರೂ ನೋಡುವವರು ಕಡಿಮೆ. ಮುರಕಲ್ಲಿನ ಕೆಂಪು ಪುಡಿ ಹಿಟ್ಟಿನಷ್ಟು ನಯ. ಹೆದ್ದಾರಿ ಕಾಮಗಾರಿಯ ಪಕ್ಕ, ಕಲ್ಲುಕೋರೆಯ ದಾರಿಯಲ್ಲಿ ದಿನಾ ಓಡಾಡುವ ಗಾಡಿಯ ಫಿಲ್ಟರನ್ನು ಮ್ಯಾನುಯಲ್ ಹೇಳಿದ ಅರ್ಧ ದೂರಕ್ಕೇ ಬದಲಿಸಬೇಕು. ಕಂಪ್ರೆಸರ್ ಗಾಳಿಯನ್ನು ಕೊಳೆಯ ಬದಿಯಿಂದ ಹೊಡೆದರೆ ಪುಡಿ ಕಾಗದದ ಒಳಕ್ಕೇ ಹೋಗುತ್ತದೆ, ಸ್ವಚ್ಛ ಬದಿಯಿಂದ ಕಡಿಮೆ ಒತ್ತಡದಲ್ಲಿ ಹೊಡೆಯಬೇಕು. ಡೀಸೆಲ್ ಗಾಡಿಯಾದರೆ ಟರ್ಬೊದಿಂದ, ಗಾಳಿ ತಣಿಸುವ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಹೋಸನ್ನು ಬೆರಳಿನಿಂದ ಮಡಚಿ ಬಿರುಕು ನೋಡಿ. ತುಳಿದಾಗ ಉಸ್ಸೆನ್ನುವ ಸದ್ದು, ಹಿಂದೆ ಕಪ್ಪು ಹೊಗೆ, ಎಳೆತ ಕಡಿಮೆ, ಈ ಮೂರೂ ಸೇರಿದರೆ ಮೊದಲು ಅನುಮಾನ ಪಡಬೇಕಾದ್ದು ಹೋಸನ್ನು. ಅದರೊಂದಿಗೆ ಮಸಿ ಕಟ್ಟಿ ತೆರೆದೇ ನಿಂತ ಇಜಿಆರ್ ವಾಲ್ವ್ (ಹೊಗೆಯ ಒಂದಂಶವನ್ನು ಮತ್ತೆ ಎಂಜಿನ್ನಿಗೆ ಬಿಡುವ ಬಾಗಿಲು), ನೀರು ಸೇರಿದ ಡೀಸೆಲ್ ಫಿಲ್ಟರ್. ಪೆಟ್ರೋಲಿನಲ್ಲಿ ಸವೆದ ಸ್ಪಾರ್ಕ್ ಪ್ಲಗ್, ಎಂಜಿನ್ನಿಗೆ ಗಾಳಿ ಬಿಡುವ, ಕಾರ್ಬನ್ ಕಟ್ಟಿದ ಥ್ರಾಟಲ್ ಬಾಡಿ. ಅದನ್ನು ಒರೆಸುವಾಗ ಎಲೆಕ್ಟ್ರಾನಿಕ್ ಥ್ರಾಟಲಿನ ತಟ್ಟೆಯನ್ನು ಬೆರಳಿನಿಂದ ಬಲವಾಗಿ ತಳ್ಳಬಾರದು, ಒಳಗಿರುವ ಪ್ಲಾಸ್ಟಿಕ್ ಗೇರು ಮುರಿಯುತ್ತದೆ. ಒಳಗಿನಿಂದ ಕಟ್ಟಿಕೊಂಡ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧಮಾಡುವ ಡಬ್ಬ) ಅಪರೂಪ, ಆದರೆ 2500 ಆರ್‌ಪಿಎಂನಲ್ಲಿ ಮುಂದಿನ ಆಕ್ಸಿಜನ್ ಸೆನ್ಸರಿನ ತೂತಿನಲ್ಲಿ ಗೇಜ್ ಇಟ್ಟಾಗ ಒತ್ತಡ 3 ಪಿಎಸ್ಐ ಮೀರಿದರೆ ಅದೇ ಕಳ್ಳ.

ಟಯರನ್ನೂ ನೋಡಿ. ಗಾಡಿ ಎತ್ತರ ಕಾಣಲೆಂದು 165/80 ಆರ್14ರ ಜಾಗದಲ್ಲಿ 185/80 ಆರ್14 ಹಾಕಿಸಿದರೆ ಚಕ್ರದ ವ್ಯಾಸ 620 ಮಿ.ಮೀ.ನಿಂದ 652ಕ್ಕೆ ಏರುತ್ತದೆ. ಪ್ರತಿ ಗೇರೂ ಶೇ. 5ರಷ್ಟು ಭಾರವಾದಂತೆ, ಸ್ಪೀಡೋಮೀಟರ್ ತೋರಿಸುವ ವೇಗವೂ ಅಷ್ಟೇ ಕಡಿಮೆಯಾಗುತ್ತದೆ. ಇ20 ಪೆಟ್ರೋಲು ಪಿಕಪ್ಪನ್ನೂ ಮೈಲೇಜನ್ನೂ ತಿನ್ನುತ್ತದೆ ಎಂಬ ಆರೋಪದಲ್ಲಿ ಅರ್ಧ ಸತ್ಯವಿದೆ: ಶೇ. 20 ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಲೀಟರಿಗೆ ಶಕ್ತಿ ಶುದ್ಧ ಪೆಟ್ರೋಲಿಗಿಂತ ಶೇ. 6–7ರಷ್ಟು ಕಡಿಮೆ, ಹಾಗಾಗಿ ಮೈಲೇಜು ತಗ್ಗುತ್ತದೆ. ಕಂಪ್ಯೂಟರು ಅಷ್ಟೇ ಹೆಚ್ಚು ಇಂಧನ ಬಿಡುವುದರಿಂದ ಎಳೆತಕ್ಕೆ ದೊಡ್ಡ ಪೆಟ್ಟೇನೂ ಬೀಳುವುದಿಲ್ಲ.

ಇನ್ನೊಂದು ಚಿಕ್ಕ ವಿಷಯ, ಕಾಸಿಲ್ಲದೆ ಸರಿಯಾಗುವಂಥದ್ದು. ದಪ್ಪನೆಯ ಫ್ಲೋರ್ ಮ್ಯಾಟ್ ಪೆಡಲಿನ ಅಡಿಗೆ ಸರಿದಿದ್ದರೆ ಪೆಡಲು ಪೂರ್ತಿ ಕೆಳಗೆ ಹೋಗುವುದೇ ಇಲ್ಲ. ಗಾಡಿಯ ಕಂಪ್ಯೂಟರಿನ ಲೆಕ್ಕವನ್ನು ಫೋನಿನ ಆಪ್‌ನಲ್ಲಿ ತೋರಿಸುವ ಬ್ಲೂಟೂತ್ ಒಬಿಡಿ ಸ್ಕ್ಯಾನರ್ ಚುಚ್ಚಿ, ಎಂಜಿನ್ ಚಾಲೂ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ, ಪೆಡಲ್ ಪೊಸಿಷನ್ ಡಿ ಎಂಬ ಸಾಲು ನೋಡಿ. ಬಿಟ್ಟಾಗ ಶೇ. 15, ತುಳಿದಾಗ 78ರ ಆಸುಪಾಸು ಬಂದರೆ ಸರಿ. ಆಪ್ 100 ತೋರಿಸುವುದಿಲ್ಲ ಎಂದು ಗಾಬರಿಯಾಗಬೇಡಿ, ಅದು 5 ವೋಲ್ಟಿಗೆ ಹೋಲಿಸಿದ ಲೆಕ್ಕ. ಮ್ಯಾಟ್ ತೆಗೆದಾಗ ಸಂಖ್ಯೆ 65ರಿಂದ 78ಕ್ಕೆ ಜಿಗಿದರೆ ನಿಮ್ಮ ಪಿಕಪ್ ಮ್ಯಾಟಿನ ಅಡಿಯಲ್ಲೇ ಇತ್ತು.

ಇಷ್ಟೆಲ್ಲ ನೋಡಿದ ಮೇಲೂ ಕಂಟ್ರೋಲರ್ ಬೇಕು ಎನಿಸಿದರೆ ಕೂರಿಸುವುದು ಅರ್ಧ ಗಂಟೆಯ ಕೆಲಸ. ಗಾಡಿಯ ಮಾದರಿ ಮತ್ತು ವರ್ಷ ಹೇಳಿ ಅದಕ್ಕೆಂದೇ ಇರುವ ಕನೆಕ್ಟರನ್ನು ಕೇಳಿ. ಸಾಮಾನ್ಯವಾಗಿ ಆರು ವಯರಿನದು, ಆದರೆ ಒಂದು ಕಂಪನಿಯದು ಇನ್ನೊಂದಕ್ಕೆ ಕೂರುವುದಿಲ್ಲ. ವಯರು ಕತ್ತರಿಸಿ ಜೋಡಿಸುತ್ತೇನೆ ಎನ್ನುವವರಿಂದ ಎದ್ದು ಬನ್ನಿ. ಇಗ್ನಿಷನ್ ಆಫ್ ಮಾಡಿ, ಕೀಯನ್ನು ಗಾಡಿಯಿಂದ ದೂರ ಇಟ್ಟು, ಇಪ್ಪತ್ತು ನಿಮಿಷ ಬಿಡಿ. ಕಂಪ್ಯೂಟರು ಮಲಗುವ ಮೊದಲೇ ಕನೆಕ್ಟರ್ ಎಳೆದರೆ ಕೋಡ್ ದಾಖಲಾಗುತ್ತದೆ. ಪೆಡಲಿನ ಮೇಲ್ತುದಿಯ ಕನೆಕ್ಟರಿನ ಲಾಕನ್ನು ಸರಿಸಿ, ನಾಲಿಗೆ ಒತ್ತಿ, ವಯರು ಹಿಡಿಯದೆ ಪ್ಲಾಸ್ಟಿಕ್ಕನ್ನೇ ಹಿಡಿದು ಎಳೆಯಿರಿ. ಡಬ್ಬಿಯ ಒಂದು ತುದಿ ಪೆಡಲಿಗೆ, ಇನ್ನೊಂದು ಗಾಡಿಯ ವಯರಿಗೆ, ಎರಡೂ ಟಿಕ್ ಎನ್ನಬೇಕು. ಸಡಿಲ ಬಿಟ್ಟರೆ ಓಡುವಾಗಲೇ ಲಿಂಪ್ ಮೋಡಿಗೆ ಬೀಳುತ್ತದೆ. ಹೆಚ್ಚಿನ ವಯರನ್ನು ಪೆಡಲಿನ ದಾರಿಗೆ ಬಾರದಂತೆ ಮೇಲಕ್ಕೆ ಸುತ್ತಿ ಟೈ ಹಾಕಿ, ಸ್ಟಿಯರಿಂಗ್ ಕಂಬಕ್ಕೆ ಮಾತ್ರ ಕಟ್ಟಬೇಡಿ. ಕಾರಿನ ಒಳಗಿನ ಕನೆಕ್ಟರಿಗೆ ನೀರು ತಡೆಯುವ ಸೀಲ್ ಇರುವುದಿಲ್ಲ. ಮಳೆಗಾಲದ ಒದ್ದೆ ಚಪ್ಪಲಿ, ತೇವ ಹೀರಿದ ಕಾರ್ಪೆಟ್ಟಿನ ತೇವಾಂಶ ತಾಗದಷ್ಟು ಎತ್ತರದಲ್ಲಿ ಅದು ಇರಬೇಕು. ಇಗ್ನಿಷನ್ ಆನ್ ಮಾಡಿ, ಡಿಸ್‌ಪ್ಲೇ ಕೇಳಿದಾಗ ಪೆಡಲನ್ನು ಪೂರ್ತಿ ಒತ್ತಿ ಬಿಟ್ಟರೆ ಕ್ಯಾಲಿಬ್ರೇಷನ್ ಮುಗಿಯಿತು.

ಮೋಡ್ ಆಯ್ಕೆಯಲ್ಲಿ ಆಸೆ ಬೇಡ. ಮೊದಲ ವಾರ ಸಿಟಿಯ ಕೆಳಗಿನ ಹಂತದಲ್ಲೇ ಓಡಿಸಿ. ಸ್ಪೋರ್ಟಿನ ಮೇಲಿನ ಹಂತಗಳಲ್ಲಿ ಪೆಡಲಿನ ಮೊದಲರ್ಧದಲ್ಲೇ ಎಲ್ಲ ಮುಗಿದಿರುತ್ತದೆ, ಉಳಿದರ್ಧಕ್ಕೆ ಕೆಲಸವಿಲ್ಲ, ಕಾಲಿನ ಹದ ಹೋಗುತ್ತದೆ. ಕಿರಿದಾದ ಅಂಗಳದಲ್ಲಿ ರಿವರ್ಸ್ ತೆಗೆಯುವಾಗ, ಆಷಾಢದ ಮಳೆಯಲ್ಲಿ ಪಾಚಿ ಹಿಡಿದ ಕಾಂಕ್ರೀಟ್ ಏರು ಹತ್ತುವಾಗ, ಕೆಸರು ಮೆತ್ತಿದ ಪೆರ್ಲದ ತಿರುವುಗಳಲ್ಲಿ ಇದು ನಿಜಕ್ಕೂ ಅಪಾಯ. ಚಕ್ರ ಜಾರುವುದಕ್ಕೆ ಒಂದು ಕ್ಷಣ ಸಾಕು, ಮನೆಯ ಮಕ್ಕಳು ಅಂಗಳದಲ್ಲೇ ಇರುತ್ತಾರೆ. ಮಳೆಗಾಲದಲ್ಲಿ ಇಕೋ ಅಥವಾ ನಾರ್ಮಲ್‌ಗೆ ಇಳಿಸಿ. ಗಾಡಿಯನ್ನು ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನ ಓಡಿಸುವುದಾದರೆ ಯಾವ ಮೋಡಿನಲ್ಲಿದೆ ಎಂದು ಕೀ ಕೊಡುವಾಗಲೇ ಹೇಳಬೇಕು.

ಹೆಸರಿಲ್ಲದ ಅಗ್ಗದ ಡಬ್ಬಿಯನ್ನು ಶಿಫಾರಸು ಮಾಡಲು ಮನಸ್ಸು ಬರುವುದಿಲ್ಲ. ಆಕ್ಸಿಲರೇಟರಿನ ನಡುವೆ ಕೂರುವ ವಸ್ತುವಿನಲ್ಲಿ ಬೆಸುಗೆ ಬಿಟ್ಟರೆ ನಿಲ್ಲುವುದು ಗಾಡಿ, ಅದೂ ಚಂದ್ರಗಿರಿ ಸೇತುವೆಯ ನಟ್ಟನಡುವೆ. ಲಿಖಿತ ವಾರಂಟಿ, ಬಿಲ್, ಹಿಂದಿರುಗಿಸುವ ಅವಕಾಶ ಇರುವ ಬ್ರಾಂಡನ್ನೇ ಕೊಳ್ಳಿ, ಒಂದು ವಾರ ಓಡಿಸಿ ನೋಡಲು ಬಿಡುವ ಅಂಗಡಿಯಾದರೆ ಇನ್ನೂ ಒಳ್ಳೆಯದು. ವಾರಂಟಿ ಮುಗಿಯದ ಗಾಡಿಯನ್ನು ಕಂಪನಿ ಸರ್ವಿಸಿಗೆ ಬಿಡುವ ಹಿಂದಿನ ದಿನ ಇದನ್ನು ಬಿಚ್ಚಿಡಿ, ಕಂಪನಿಯ ಕನೆಕ್ಟರನ್ನು ಮೊದಲಿನಂತೆ ಪೆಡಲಿಗೆ ಚುಚ್ಚಿ, ಚೆಕ್ ಎಂಜಿನ್ ದೀಪ ಆರಿದೆಯೇ ಎಂದು ನೋಡಿಕೊಂಡೇ ಕೀ ಕೊಡಿ.